ಕಾಗದ ಒಡೆಯದೆ ಸುದ್ದಿ ತಿಳಿಯಬಹುದೆ?

ಸಂಕ್ರಾಂತಿಯ ಮರುದಿನ. ಇಲ್ಲಿಯವರು ವಾಸಿ ಉತ್ತರಾಯಣವೆಂದು ಇನ್ನೂ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಕುಸುರೆಳ್ಳು ಕೊಡಲೆಂದು ವರಾಛಾದ ನಮ್ಮ ಮನೆಗೆ ಬಂದಳು. ಎಂ.ಎ. ಓದುತ್ತಿರುವ ಹುಡುಗಿ. ಎಳ್ಳು ಕೊಟ್ಟು, ನಮಸ್ಕಾರ ಮಾಡಿ, ಸ್ವಲ್ಪ ಸಂಕೋಚದಿಂದಲೇ ಕೇಳಿದಳು:

"ಕಾಕಾ, ನಮ್ಮ ಸಂಘದ ವಾಟ್ಸಾಪ್ ಗುಂಪಿನ್ಯಾಗ ಎರಡು ವರ್ಷದಿಂದ ಬಂದ ಮೆಸೇಜೆಲ್ಲಾ ನನಗ ಬೇಕಾಗ್ಯಾವ. ಊರು ಬಿಟ್ಟು ಬಂದ ಮಂದಿ ನಡುವ ಸುಳ್ಳು ಸುದ್ದಿ ಹ್ಯಾಂಗ ಅಡ್ಡಾಡ್ತದ ಅಂತ ನೋಡಬೇಕು. ನೀವು ಅಡ್ಮಿನ್ ಅದೀರಿ. ಕೊಡ್ತೀರೇನು?"

ನಾನು ಉತ್ತರ ಹೇಳುವ ಮೊದಲೇ ಅಡಿಗೆಮನೆಯಿಂದ ನಮ್ಮ ಮನೆಯವಳ ದನಿ ಬಂತು: "ಕೊಡ್ಲಿ ಬಿಡವ್ವಾ. ನನ್ನ ಮೊಣಕಾಲಿನ ಎಕ್ಸ್‌ರೇನೂ ಅದರಾಗೇ ಅದ. ಅದನ್ನೂ ನಿಮ್ಮ ಮಾಸ್ತರರಿಗೆ ತೋರಸು!"

ಎಲ್ಲರೂ ನಕ್ಕೆವು. ನಕ್ಕ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಸಂಘದ ಗುಂಪಿನಲ್ಲಿ ಏನಿಲ್ಲ ಹೇಳಿ? ರಾಜ್ಯೋತ್ಸವದ ವಂತಿಗೆಗಾಗಿ ಬ್ಯಾಂಕಿನ ಖಾತೆಯ ನಂಬರು, ಹೆಣ್ಣು ಹೆತ್ತವರು ಕಳಿಸಿದ ಜಾತಕ, ಆಸ್ಪತ್ರೆಯಲ್ಲಿರುವವರಿಗೆ ಬೇಕಾದ ರಕ್ತದ ವಿವರ, ಯಾರದೋ ಮನೆಯ ಸಾವಿನ ಸುದ್ದಿ. ಇವುಗಳ ನಡುವೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಫಾರ್ವರ್ಡುಗಳು. ಹುಡುಗಿಗೆ ಬೇಕಾದದ್ದು ಈ ಕೊನೆಯದು ಮಾತ್ರ. ಆದರೆ ಜೋಳದೊಳಗಿನ ಹರಳನ್ನು ಆರಿಸಬೇಕಾದರೆ ಜೋಳವನ್ನೆಲ್ಲ ಮೊರಕ್ಕೆ ಸುರಿದುಕೊಳ್ಳಲೇಬೇಕಷ್ಟೆ. ಹತ್ತಾರು ಮನೆಗಳ ಮಾತನ್ನು ಆ ಮನೆಯವರನ್ನು ಕೇಳದೆ ಎತ್ತಿ ಕೊಡುವ ಹಕ್ಕು ಅಡ್ಮಿನ್ನಿಗೆ ಎಲ್ಲಿಂದ ಬಂತು?

ಹೀಗೆಂದು "ಆಗೋದಿಲ್ಲ ಮಗಳೆ" ಎಂದು ಹೇಳಿಬಿಡಬಹುದಾಗಿತ್ತು. ಹೇಳಲಾಗಲಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನು ನಾನು ಇದುವರೆಗೆ ಹೆಚ್ಚು ಜನರಿಗೆ ಹೇಳಿದವನಲ್ಲ.

ನನ್ನ ಊರು ಬೀದರ ಜಿಲ್ಲೆಯ ಭಾಲ್ಕಿ. ೨೦೧೮ರ ಜೂನ್ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಜೊತೆಗೊಂದು ವಿಡಿಯೋ: ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ನೋಡಿ ಎದೆ ಝಲ್ಲೆಂದಿತು. ಊರಿನ ತಮ್ಮನಿಗೂ ಸೋದರಮಾವಂದಿರ ಮನೆಗೂ ಒತ್ತಿ ಕಳಿಸಿದೆ, "ಹುಡುಗರನ್ನ ಹೊರಗ ಬಿಡಬ್ಯಾಡ್ರಿ" ಎಂದು ಮೇಲೆ ಎರಡು ಮಾತು ಸೇರಿಸಿ. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ತಯಾರಿಸಿದ ತಿಳುವಳಿಕೆಯ ಚಿತ್ರವೆಂದೂ, ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರೆಂದೂ ನನಗೆ ತಿಳಿದದ್ದು ಆಮೇಲೆ.

ಜೂನ್ ೨೬ರಂದು ಅಹಮದಾಬಾದಿನ ವಾಡಜದಲ್ಲಿ ಭಿಕ್ಷೆ ಬೇಡಿ ಬದುಕುತ್ತಿದ್ದ ಹೆಂಗಸೊಬ್ಬಳನ್ನು ಮಕ್ಕಳ ಕಳ್ಳಿಯೆಂದು ಜನ ಹೊಡೆದು ಕೊಂದರು. ಜುಲೈ ೧೩ರಂದು ನಮ್ಮ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರು ಅದೇ ರೀತಿ ಸತ್ತ. ಸ್ನೇಹಿತರೊಡನೆ ಕಾರಿನಲ್ಲಿ ಬಂದವರು, ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟೇ ಅವರ ತಪ್ಪು. ಚಾಕೊಲೇಟು ಕೊಟ್ಟ ಊರಿನಿಂದ ಮುರ್ಕಿಗೆ ಸುದ್ದಿ ಕಾರಿಗಿಂತ ಮುಂಚೆ ಮುಟ್ಟಿತ್ತು, ವಾಟ್ಸಾಪಿನಲ್ಲಿ. ಬಿಡಿಸಲು ಬಂದ ಪೋಲೀಸರಿಗೂ ಪೆಟ್ಟು ಬಿತ್ತು.

ಮುರ್ಕಿ ನಮ್ಮೂರಿನಿಂದ ಬಹಳ ದೂರವಲ್ಲ. ನಾನು ಕಳಿಸಿದ್ದೇ ಅಲ್ಲಿಗೆ ಹೋಗಿತ್ತೆಂದು ಹೇಳಲಾರೆ. ಹೋಗಿರಲಿಲ್ಲವೆಂದೂ ಹೇಳಲಾರೆ. ಇದನ್ನು ನನಗೆ ಹೇಳಬಲ್ಲವರು ಯಾರಿದ್ದಾರೆ? ನನ್ನ ತಪ್ಪಿನ ಲೆಕ್ಕವನ್ನು ಬದಿಗಿಡಿ. ಇಂಥ ಸುದ್ದಿ ಊರಿನಲ್ಲಿ ಹುಟ್ಟಿ ಪರಸ್ಥಳದವರಿಗೆ ಬರುತ್ತದೆಯೋ, ಅಥವಾ ನಮ್ಮಂಥವರ ಗಾಬರಿಯಿಂದ ಮೈತುಂಬಿಕೊಂಡು ಊರಿಗೆ ಮರಳುತ್ತದೆಯೋ, ಅದಾದರೂ ಗೊತ್ತಾಗಬೇಡವೆ? ಆ ಹುಡುಗಿ ಕೇಳುತ್ತಿದ್ದುದು ಇದನ್ನೇ.

ಹಿಂದೆ ಹೀಗಿರಲಿಲ್ಲ. ೧೯೯೪ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗೆಂಬ ಸುದ್ದಿ ಹಬ್ಬಿದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಆಗ ಇಲ್ಲಿದ್ದ ನಮ್ಮ ಹಿರಿಯ ಸದಸ್ಯರಿಗೆ ಆ ರೈಲುಗಳ ನೆನಪು ಇನ್ನೂ ಇದೆ. ಕಿಟಕಿಯಿಂದ ಮಕ್ಕಳನ್ನು ಒಳಗೆ ತೂರಿಸಿದ ಕಥೆಯನ್ನು ಒಬ್ಬರು ಪ್ರತಿ ವರ್ಷ ಹೇಳುತ್ತಾರೆ. ಅದಾದ ಮೇಲೆ ಇಲ್ಲಿಯ ಸಮಾಜ ಅಧ್ಯಯನ ಕೇಂದ್ರದ ವಿದ್ವಾಂಸ ಘನಶ್ಯಾಮ ಶಾಹರು ಸೂರತ್ತಿನ ಪ್ಲೇಗನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಅದು ೧೯೯೭ರಲ್ಲಿ ಪ್ರಕಟವಾಯಿತು. ಅಂಥ ವಿಷಯದ ಬೆನ್ನು ಹತ್ತುವವರಿಗೆ ಪತ್ರಿಕೆಗಳ ಹಳೆಯ ಸಂಚಿಕೆಗಳು ವಾಚನಾಲಯದಲ್ಲಿ ಸಿಗುತ್ತವೆ, ನಗರಪಾಲಿಕೆಯ ದಾಖಲೆಗಳು ಕೇಳಿದರೆ ಸಿಗುತ್ತವೆ, ಓಡಿಹೋಗಿ ಮರಳಿದವರು ಓಣಿಯಲ್ಲೇ ಸಿಗುತ್ತಾರೆ. ಫೋನಿನೊಳಗಿನ ವದಂತಿಗೆ ಅಂಥ ವಾಚನಾಲಯವಿಲ್ಲ.

ತಿಳಿಯದೆ ಮಾಡಿದ ಮದ್ದು ಹೇಗಿರುತ್ತದೆ ಎಂಬುದನ್ನೂ ನೋಡಿದ್ದೇವೆ. ೨೦೧೨ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ, ತಮ್ಮ ಮೇಲೆ ದಾಳಿಯಾಗಲಿದೆಯೆಂಬ ವದಂತಿಗೆ ಹೆದರಿ ಗುವಾಹಾಟಿಯ ರೈಲು ಹತ್ತಿದರು. ನಾವು ಇಲ್ಲಿ ಹೇಗೋ ಅವರು ಅಲ್ಲಿ ಹಾಗೆ, ಅನ್ನಕ್ಕಾಗಿ ಬಂದವರು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ಸು ಕಳಿಸಬಾರದೆಂದು ಸರಕಾರ ಇಡೀ ದೇಶಕ್ಕೆ ಕಟ್ಟಳೆ ಹಾಕಿತು. ೨೦೧೫ರ ಆಗಸ್ಟಿನಲ್ಲಿ ಪಾಟೀದಾರರ ಚಳವಳಿ ಕೆರಳಿದಾಗ ಗುಜರಾತಿನಲ್ಲಿ ಮೊಬೈಲಿನ ಇಂಟರ್ನೆಟ್ಟನ್ನು ದಿನಗಟ್ಟಲೆ ನಿಲ್ಲಿಸಿದರು. ವರಾಛಾದಲ್ಲಿ ಕರ್ಫ್ಯೂ ಬೇರೆ. ಕಾಯಿಲೆ ಯಾರಿಗೆಂದು ತಿಳಿಯದ ವೈದ್ಯ ಊರಿಗೆಲ್ಲ ಉಪವಾಸ ಹೇಳಿದ ಹಾಗೆ.

ಇನ್ನು ೨೦೨೦ರ ಏಪ್ರಿಲ್ ೧೪. ಲಾಕ್‌ಡೌನು ಮುಂದುವರಿಯಿತೆಂದು ಘೋಷಣೆಯಾದ ದಿನವೇ ನೂರಾರು ಕೂಲಿಗಳು ವರಾಛಾದಲ್ಲಿ ಬೀದಿಗೆ ಬಂದು, ನಮ್ಮನ್ನು ಊರಿಗೆ ಕಳಿಸಿ ಎಂದು ಕುಳಿತರು. ಅವರನ್ನು ಹೊರಗೆ ತಂದದ್ದು ಫೋನಿನ ವದಂತಿಯೋ, ಖಾಲಿಯಾದ ಹಿಟ್ಟಿನ ಡಬ್ಬಿಯೋ? ಹಸಿದವರನ್ನು ಮರುಳಾದವರೆಂದು ಕರೆಯುವುದು ಬಹಳ ಸುಲಭ. ಆ ದಿನ ಅವರ ಫೋನುಗಳಲ್ಲಿ ಹರಿದದ್ದು ಏನೆಂದು ನಿಷ್ಪಕ್ಷಪಾತಿಯಾದ ಒಬ್ಬನು ನೋಡುವಂತಿದ್ದರೆ, ಕೆಲವರ ಮೇಲಿನ ಅಪವಾದವೂ ಕಳೆಯಬಹುದು. ಸಂಶೋಧನೆಯೆಂದರೆ ತಪ್ಪು ಹುಡುಕುವುದು ಮಾತ್ರವಲ್ಲ.

ಹಾಗಾದರೆ ನೋಡುವವರು ಯಾರು? ಸದ್ಯಕ್ಕೆ ಬಹುಮಟ್ಟಿಗೆ ಕಂಪೆನಿಗಳೇ. ೨೦೧೮ರ ಸಾವುಗಳ ನಂತರ ವಾಟ್ಸಾಪ್ ಕಂಪೆನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂದು ಮಿತಿ ಹಾಕಿತು. ೨೦೨೦ರಲ್ಲಿ, ಬಹಳ ಸಲ ಕೈ ಬದಲಾದ ಮೆಸೇಜಿಗೆ ಒಂದೇ ಕಡೆ ಎಂದಿತು. ಇದರಿಂದ ಅಂಥ ಮೆಸೇಜುಗಳು ಶೇಕಡಾ ೭೦ರಷ್ಟು ಇಳಿದವೆಂದು ತಾನೇ ಸಾರಿತು. ಇರಬಹುದು. ಆದರೆ ಅಂಗಡಿಯವನೇ ತಕ್ಕಡಿ ಹಿಡಿದು, ತೂಕ ಪರೀಕ್ಷಿಸುವ ಅಧಿಕಾರಿಯೂ ತಾನೇ ಆದರೆ ಗಿರಾಕಿ ಏನು ಮಾಡಬೇಕು? ಅದೇ ೨೦೧೮ರಲ್ಲಿ ಕಂಪೆನಿ ಇಪ್ಪತ್ತು ಸಂಶೋಧಕ ತಂಡಗಳಿಗೆ ತಲಾ ೫೦,೦೦೦ ಡಾಲರು ಕೊಟ್ಟಿತು. ಹಣ ಕೊಟ್ಟಿತು, ಮಾಹಿತಿ ಕೊಡಲಿಲ್ಲ.

ಹೊರಗಿನವರು ತಾವಾಗಿ ಅಳೆದಾಗ ಚಿತ್ರ ಬೇರೆಯಾಯಿತು. ಬ್ರೆಜಿಲಿನ ಕೆಲವು ವಿದ್ವಾಂಸರೂ ನಮ್ಮ ದೇಶದ ಕಿರಣ ಗರಿಮೆಲ್ಲ ಎಂಬವರೂ ಸೇರಿ, ಯಾರು ಬೇಕಾದರೂ ಸೇರಬಹುದಾದ ಬಹಿರಂಗ ಗುಂಪುಗಳನ್ನು ಪರೀಕ್ಷಿಸಿ ೨೦೧೯ರಲ್ಲಿ ಹೇಳಿದ್ದಿಷ್ಟು: ಮಿತಿಯಿಂದ ಸುಳ್ಳು ತಡವಾಗಿ ಹರಡುತ್ತದೆ, ಆದರೆ ಜನರ ಮನಸ್ಸನ್ನು ಬಲವಾಗಿ ಸೆಳೆಯುವಂಥ ಸುಳ್ಳು ನಿಲ್ಲುವುದಿಲ್ಲ. ಆ ವರ್ಷದ ಲೋಕಸಭಾ ಚುನಾವಣೆಯ ಮುಂಚಿನ ರಾಜಕೀಯ ಗುಂಪುಗಳಲ್ಲಿ ಹಂಚಿಕೆಯಾದ ಚಿತ್ರಗಳಲ್ಲಿ ಸುಮಾರು ಶೇಕಡಾ ೧೩ ಸುಳ್ಳೆಂದು ಗೊತ್ತಾದವು ಎಂದು ಗರಿಮೆಲ್ಲರ ಇನ್ನೊಂದು ಅಧ್ಯಯನ ಲೆಕ್ಕ ಹಾಕಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಫೇಸ್‌ಬುಕ್, ಯೂಟ್ಯೂಬುಗಳಲ್ಲಿ ನಾವು ಹಾಕಿದ್ದು ಕಂಪೆನಿಯ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಕೈ ಅವರದೇ. ವಾಟ್ಸಾಪಿನ ಮಾತಾದರೋ ೨೦೧೬ರಿಂದ ಗೂಢಲಿಪಿಯಲ್ಲಿ ಹೋಗುತ್ತದೆ. ಕಳಿಸಿದವನ ಮತ್ತು ಪಡೆದವನ ಫೋನಿನಲ್ಲಲ್ಲದೆ ನಡುವೆ ಕಂಪೆನಿಯೂ ಓದಲಾರದು. ಅಲ್ಲಿಯ ಕೀಲಿ ನಮ್ಮ ನಿಮ್ಮ ಕೈಯಲ್ಲಿದೆ. ಆದುದರಿಂದ ಸಂಶೋಧಕ ಒಂದು ಕಡೆ ಕಂಪೆನಿಯ ಬಾಗಿಲು ತಟ್ಟಬೇಕು, ಇನ್ನೊಂದು ಕಡೆ ನಮ್ಮ ಬಾಗಿಲು.

ಕಂಪೆನಿಯ ಬಾಗಿಲು ಮುಚ್ಚಿಕೊಂಡದ್ದಕ್ಕೆ ಕಾರಣವಿಲ್ಲದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿದ್ದ ಒಬ್ಬ ಸಂಶೋಧಕ ಫೇಸ್‌ಬುಕ್ಕಿನಲ್ಲಿ ಸ್ವಭಾವ ಪರೀಕ್ಷೆಯ ಆಟವೊಂದನ್ನು ಹರಿಯಬಿಟ್ಟು, ಆಡಿದವರ ಮಾಹಿತಿಯ ಜೊತೆಗೆ ಅವರ ಗೆಳೆಯರ ಮಾಹಿತಿಯನ್ನೂ ಎತ್ತಿ, ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ವ್ಯಾಪಾರಿಗಳಿಗೆ ದಾಟಿಸಿದ. ೨೦೧೮ರಲ್ಲಿ ಇದು ಬಯಲಾಯಿತು. ನಮ್ಮ ದೇಶದಲ್ಲಿ ಆ ಆಟ ಆಡಿದವರು ಕೇವಲ ೩೩೫ ಜನ. ಮಾಹಿತಿ ಹೋಗಿರಬಹುದಾದವರು ೫,೬೨,೪೫೫. ಒಬ್ಬನ ಒಪ್ಪಿಗೆಯಿಂದ ಸಾವಿರಾರು ಜನರ ಮನೆ ತೆರೆದ ಹಾಗಾಯಿತು. ಅಡ್ಮಿನ್ನನ ಒಪ್ಪಿಗೆ ಸಾಲದೆಂದು ನಾನು ಹೇಳುವುದು ಇದಕ್ಕೇ.

ಆದರೆ ಈ ಹಗರಣದ ನಂತರ ಕಂಪೆನಿಗಳು ಗೌಪ್ಯದ ಹೆಸರು ಹೇಳಿ ಸಜ್ಜನರಿಗೂ ಬಾಗಿಲು ಹಾಕಿದವು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರು ೨೦೨೩ರಲ್ಲಿ ಉಚಿತ ಪ್ರವೇಶವನ್ನು ನಿಲ್ಲಿಸಿತು. ಫೇಸ್‌ಬುಕ್ಕಿನ ಬಹಿರಂಗ ಸುದ್ದಿಯ ಓಟವನ್ನು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಕಿಟಕಿ ೨೦೨೪ರ ಆಗಸ್ಟ್ ೧೪ರಂದು ಮುಚ್ಚಿತು. ಬಹಿರಂಗವಾಗಿ ಹಾಕಿದ್ದನ್ನು ಎಣಿಸಲು ಯಾರ ಗೌಪ್ಯ ಅಡ್ಡ ಬರುತ್ತದೆ? ನೆಪದಲ್ಲಿ ಅರ್ಧ ನಿಜವಿದೆ, ಅರ್ಧ ಅನುಕೂಲವಿದೆ ಎಂದೇ ನನ್ನ ಅಭಿಪ್ರಾಯ.

"ಹೆಸರು ತೆಗೆದು ಕೊಟ್ಟರೆ ಆಯಿತಲ್ಲ" ಎನ್ನುವವರುಂಟು. ಸಾಲದು. ೨೦೦೬ರಲ್ಲಿ ಅಮೆರಿಕದ ಎ.ಒ.ಎಲ್. ಕಂಪೆನಿ ಸುಮಾರು ಆರೂವರೆ ಲಕ್ಷ ಜನ ಇಂಟರ್ನೆಟ್ಟಿನಲ್ಲಿ ಹುಡುಕಿದ್ದನ್ನೆಲ್ಲ, ಹೆಸರಿನ ಬದಲು ಅಂಕಿ ಹಾಕಿ ವಿದ್ವಾಂಸರಿಗೆಂದು ಪ್ರಕಟಿಸಿತು. ಪತ್ರಕರ್ತರು ಕೆಲವೇ ದಿನಗಳಲ್ಲಿ ಒಂದು ಅಂಕಿಯ ಹಿಂದಿದ್ದ ಮುದುಕಿಯ ಮನೆಯ ಬಾಗಿಲಿಗೆ ಹೋಗಿ ನಿಂತರು. ನಮ್ಮಂಥ ಸಣ್ಣ ಸಮಾಜಕ್ಕಂತೂ ಇದು ಇನ್ನೂ ಹತ್ತಿರದ ಅಪಾಯ. ನನ್ನ ಹೆಸರು ಅಳಿಸಿ, 'ವರಾಛಾದಲ್ಲಿರುವ ಭಾಲ್ಕಿಯವರು, ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿದೆ' ಎಂದಷ್ಟೇ ಬರೆದು ನೋಡಿ. ಗುರುತಿಸಲಾರದ ಕನ್ನಡಿಗ ಸೂರತ್ತಿನಲ್ಲಿ ಯಾರಿದ್ದಾನೆ? ಗುಜರಾತಿಗಳ ಜನಸಮುದ್ರದಲ್ಲಿ ಒಬ್ಬ ಮರೆಯಾಗಬಲ್ಲ. ನಾವು ಕೈಬೆರಳೆಣಿಕೆಯವರು ಮರೆಯಾಗಲಾರೆವು.

ದಾರಿಯೇ ಇಲ್ಲವೆಂದಲ್ಲ. ನಮ್ಮ ಮಿನಿಬಜಾರಿನಲ್ಲಿ ವಜ್ರದ ವ್ಯಾಪಾರ ನೋಡಿದ್ದೀರಷ್ಟೆ. ದಲಾಲಿಯು ಕಾಗದದ ಪಡೀಕು ಬಿಚ್ಚುತ್ತಾನೆ. ಕೊಳ್ಳುವವನು ಅಲ್ಲೇ ಕುಳಿತು, ಕಣ್ಣಿಗೆ ಗಾಜು ಇಟ್ಟು, ಹರಳನ್ನು ತಿರುಗಿಸಿ ನೋಡುತ್ತಾನೆ. ಬೆಲೆಯ ಅಂದಾಜು ತಲೆಯಲ್ಲಿಟ್ಟುಕೊಂಡು ಏಳುತ್ತಾನೆ. ಹರಳು ಪಡೀಕಿಗೆ ಮರಳುತ್ತದೆ. ಸಂಶೋಧನೆಗೂ ಈಗ ಇಂಥ ಕೋಣೆಗಳಿವೆ. ಅರ್ಹನೆಂದು ಪರೀಕ್ಷೆಯಾದವನು ಅಲ್ಲಿಗೆ ಪ್ರವೇಶ ಪಡೆದು ಲೆಕ್ಕ ಮಾಡಬಹುದು, ಲೆಕ್ಕದ ಫಲವನ್ನು ಒಯ್ಯಬಹುದು, ಮೂಲವನ್ನು ಒಯ್ಯುವಂತಿಲ್ಲ. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪೆನಿ ಕ್ರೌಡ್‌ಟ್ಯಾಂಗಲಿನ ಬದಲು ತೆರೆದದ್ದು ಇಂಥದೇ ಏರ್ಪಾಡು.

ಇನ್ನೊಂದು ಉಪಾಯ ೧೯೬೫ರಷ್ಟು ಹಳೆಯದು, ವಾರ್ನರ್ ಎಂಬ ವಿದ್ವಾಂಸನದು. ಅದರ ಒಂದು ಸರಳ ರೂಪ ಹೀಗೆ. ನಮ್ಮ ಸಂಘದ ನೂರು ಜನರನ್ನು, "ವಿಚಾರಿಸದೆ ಸುಳ್ಳು ಸುದ್ದಿ ಕಳಿಸಿದ್ದೀರಾ?" ಎಂದು ಕೇಳಬೇಕಾಗಿದೆ ಎನ್ನಿ. ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಲಿ. ತಲೆ ಬಿದ್ದವರು ಸುಮ್ಮನೆ 'ಹೌದು' ಎನ್ನಲಿ, ಹೂವು ಬಿದ್ದವರು ನಿಜ ಹೇಳಲಿ. ಎಪ್ಪತ್ತು ಜನ 'ಹೌದು' ಎಂದರು ಎನ್ನೋಣ. ಸುಮಾರು ಐವತ್ತು ನಾಣ್ಯದ ಪಾಲು. ಉಳಿದ ಐವತ್ತರಲ್ಲಿ ಇಪ್ಪತ್ತು ನಿಜದ್ದು. ಅಂದರೆ ಸಂಘದಲ್ಲಿ ನೂರಕ್ಕೆ ನಲವತ್ತು ಜನ ಕಳಿಸಿದವರು. ಆದರೆ 'ಹೌದು' ಎಂದ ಯಾವೊಬ್ಬನನ್ನೂ ಬೆರಳು ಮಾಡಿ ತೋರಿಸುವಂತಿಲ್ಲ. ಲೆಕ್ಕಕ್ಕೆ ಬೇಕೆಂದೇ ಸ್ವಲ್ಪ ಮಂಜು ಕವಿಸುವ ಇಂಥದೇ ವಿದ್ಯೆಯನ್ನು ಬೆಳೆಸಿ, ಫೇಸ್‌ಬುಕ್ ೨೦೨೦ರಲ್ಲಿ ೩ ಕೋಟಿ ೮೦ ಲಕ್ಷ ಕೊಂಡಿಗಳ ಲೆಕ್ಕವನ್ನು ವಿದ್ವಾಂಸರಿಗೆ ಬಿಟ್ಟಿತು. ಮರುವರ್ಷ ಇಟಲಿಯ ಸಂಶೋಧಕರೊಬ್ಬರು ಲೆಕ್ಕ ತಾಳೆಯಾಗುವುದಿಲ್ಲವೆಂದು ತೋರಿಸಿದರು. ಅಮೆರಿಕದ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಜನ ಬಿಟ್ಟೇಹೋಗಿದ್ದರು! ದೋಷ ಮಂಜಿನದಲ್ಲ, ತುಂಬಿಸಿ ಕೊಟ್ಟವರದು. ಹೊರಗಿನವರ ಕಣ್ಣು ಏಕೆ ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಳಿದರೆ ಕೊಡಲೇಬೇಕೆಂಬ ಕಾನೂನು ಯುರೋಪಿನಲ್ಲಿದೆ. ೨೦೨೨ರ ಡಿಜಿಟಲ್ ಸೇವೆಗಳ ಕಾಯಿದೆಯ ೪೦ನೆಯ ವಿಧಿಯ ಪ್ರಕಾರ, ದೊಡ್ಡ ಕಂಪೆನಿಗಳು ಅರ್ಹ ಸಂಶೋಧಕರಿಗೆ ಮಾಹಿತಿ ತೆರೆಯಬೇಕು. ಅರ್ಹತೆಯನ್ನು ನಿರ್ಣಯಿಸುವುದು ಸರಕಾರದ ಅಧಿಕಾರಿ, ಕಂಪೆನಿಯಲ್ಲ. ಒಳಗಿನ ಮಾಹಿತಿಯನ್ನು ಕೇಳುವ ವಿಧಾನ ೨೦೨೫ರ ಅಕ್ಟೋಬರ್ ೨೯ರಿಂದ ಜಾರಿಗೆ ಬಂತು. ಡಿಸೆಂಬರಿನಲ್ಲಿ ಎಕ್ಸ್ ಕಂಪೆನಿಗೆ ೧೨ ಕೋಟಿ ಯೂರೋ ದಂಡ ಬಿದ್ದಾಗ, ಸಂಶೋಧಕರಿಗೆ ಬಾಗಿಲು ತೆರೆಯದ್ದೂ ಆರೋಪಗಳಲ್ಲೊಂದಾಗಿತ್ತು.

ನಮ್ಮಲ್ಲಿ ಗೌಪ್ಯದ ಹಕ್ಕನ್ನು ದೊರಕಿಸಿಕೊಟ್ಟವರು ಒಬ್ಬ ಕನ್ನಡಿಗರೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಿದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಗೌಪ್ಯವು ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಅದರ ಬೆನ್ನಿಗೆ ಬಂದ ೨೦೨೩ರ ಮಾಹಿತಿ ರಕ್ಷಣೆಯ ಕಾಯಿದೆಯಲ್ಲಿ ಸಂಶೋಧನೆಗೆ ವಿನಾಯಿತಿಯಿದೆ. ಆದರೆ ಆ ಮಾಹಿತಿಯಿಂದ ಯಾವ ಒಬ್ಬ ವ್ಯಕ್ತಿಯ ಬಗ್ಗೆಯೂ ನಿರ್ಣಯ ಮಾಡಕೂಡದು. ಇದು ಸಂಶೋಧಕನಿಗೆ ಕೊಟ್ಟ ಅನುಮತಿ. ಕಂಪೆನಿ ಬಾಗಿಲು ತೆರೆಯಲೇಬೇಕೆಂದು ಈ ಕಾಯಿದೆ ಹೇಳುವುದಿಲ್ಲ. ಊಟಕ್ಕೆ ಅಡ್ಡಿಯಿಲ್ಲ, ಬಡಿಸುವವರಿಲ್ಲ.

ಆದುದರಿಂದ ನಮ್ಮ ದೇಶದಲ್ಲಿ ಸದ್ಯಕ್ಕೆ ಉಳಿದ ದಾರಿ ಜನರ ಬಾಗಿಲು ತಟ್ಟುವುದೇ. ಗರಿಮೆಲ್ಲ ಮತ್ತು ಶೋಶಾರ್ ಎಂಬ ವಿದ್ವಾಂಸರು ೨೦೨೩ರಲ್ಲಿ ಹಾಗೆಯೇ ಮಾಡಿದರು. ಉತ್ತರ ಪ್ರದೇಶದ ಸುಮಾರು ೫೦೦ ಜನ ಒಪ್ಪಿ ತಮ್ಮ ಗುಂಪುಗಳ ಮೆಸೇಜುಗಳನ್ನು ದಾನ ಮಾಡಿದರು. ಹೆಸರು, ನಂಬರುಗಳನ್ನು ಅಳಿಸಲಾಯಿತು, ಚಿತ್ರಗಳಲ್ಲಿಯ ಮುಖಗಳನ್ನು ಮಸುಕು ಮಾಡಲಾಯಿತು. ಸುಮಾರು ಇಪ್ಪತ್ತು ಲಕ್ಷ ಮೆಸೇಜುಗಳಲ್ಲಿ ಅತಿಯಾಗಿ ಹರಡಿದವು ೧,೮೫೮. ಅವುಗಳಲ್ಲಿ ಯಂತ್ರಬುದ್ಧಿಯಿಂದ ಸೃಷ್ಟಿಯಾದವು ಎರಡು ಡಜನ್ನಿನಷ್ಟು ಮಾತ್ರ ಎಂದು ೨೦೨೪ರಲ್ಲಿ ವರದಿ ಮಾಡಿದರು. ಎಲ್ಲರೂ ಯಂತ್ರದ ಸುಳ್ಳಿಗೆ ಹೆದರಿ ಕೂಗಾಡುತ್ತಿದ್ದ ಕಾಲದಲ್ಲಿ ಐನೂರು ಮನೆಗಳ ಕೊಡುಗೆಯಿಂದ ಇಷ್ಟು ನಿಜ ತಿಳಿಯಿತು.

ಈಗ ನಮ್ಮ ಹುಡುಗಿಯ ವಿಷಯ. ವ್ಯವಸ್ಥಾಪಕ ಸಮಿತಿಯಲ್ಲಿ ಎರಡು ಸಂಜೆ ಚರ್ಚೆ ನಡೆಯಿತು. ಒಬ್ಬ ಹಿರಿಯರು, "ಜನಗಣತಿಯವರು ಮನೆಗೆ ಬಂದಾಗ ಎಲ್ಲಾ ಹೇಳ್ತೀವಿ, ಈಕೀಗೇನು?" ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ಜನಗಣತಿಗೆ ೧೯೪೮ರ ಕಾಯಿದೆಯ ಬೇಲಿಯಿದೆ; ಮನೆಯವರು ಹೇಳಿದ್ದನ್ನು ಯಾರೂ ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ತರುವಂತಿಲ್ಲ. ಅಂಥ ಬೇಲಿಯನ್ನು ನಾವೇ ಸಣ್ಣದಾಗಿ ಕಟ್ಟಬೇಕಾಯಿತು. ಹಳೆಯ ಮೆಸೇಜು ಕೊಡುವುದಿಲ್ಲ, ಯುಗಾದಿಯಿಂದ ಮುಂದಿನ ಆರು ತಿಂಗಳದ್ದು ಮಾತ್ರ. ಅದರಲ್ಲೂ 'ಫಾರ್ವರ್ಡೆಡ್' ಎಂಬ ಗುರುತಿದ್ದವು ಮಾತ್ರ. ಜಾತಕ, ಕಾಯಿಲೆ, ಹಣದ ಮಾತು ಇಲ್ಲ. ಆರಿಸುವ ಕೆಲಸ ಸಂಘದ ಇಬ್ಬರದು, ಹುಡುಗಿಯದಲ್ಲ. ಪ್ರತಿ ಮನೆಯಿಂದ ಸ್ವತಂತ್ರ ಒಪ್ಪಿಗೆ ಬೇಕು, ಬೇಡವೆನಿಸಿದ ದಿನ ಹಿಂದೆ ತೆಗೆದುಕೊಳ್ಳಬಹುದು. ಲೇಖನದಲ್ಲಿ 'ಗುಜರಾತಿನ ಒಂದು ಪ್ರವಾಸಿ ಸಮಾಜ' ಎಂದಿರಬೇಕೇ ಹೊರತು ವರಾಛಾ ಎಂದಲ್ಲ. ಅವಳ ಮಾಸ್ತರರು ಇದಕ್ಕೆಲ್ಲ ಸಹಿ ಹಾಕಿದ್ದಾರೆ. (ಈ ಲೇಖನದಿಂದಲೇ ಗುರುತು ಸಿಗುವುದಲ್ಲ ಎಂದು ಕಾರ್ಯದರ್ಶಿಗಳು ಕೇಳಿದರು. ಪತ್ರಿಕೆ ನಮ್ಮ ನಮ್ಮಲ್ಲೇ ಹಂಚಿಕೆಯಾಗುವಂಥದು. ಆದರೂ ಅವರ ಮಾತು ನಿಜವೇ. ಹುಡುಗಿಯನ್ನು ಕೇಳಿಯೇ ಬರೆದಿದ್ದೇನೆ.)

ನಾಲ್ಕು ಮನೆಯವರು ಒಪ್ಪಲಿಲ್ಲ. ಅವರಲ್ಲೊಬ್ಬ ತಾಯಿ, ತಮ್ಮ ಮಗಳ ಮದುವೆ ಮುರಿದಾಗ ಗುಂಪಿನಲ್ಲಿ ಬಂದ ಮಾತುಗಳನ್ನು ನೆನೆದು, "ಇನ್ನೊಮ್ಮೆ ಯಾರೂ ಓದೋದು ಬ್ಯಾಡ" ಎಂದರು. ಹಳೆಯದನ್ನು ಕೊಡುವುದಿಲ್ಲವೆಂದು ಹೇಳಿದರೂ ಅವರ ಮನಸ್ಸು ಒಪ್ಪಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ನಮ್ಮ ಮನೆಯವಳು ಎಲ್ಲರಿಗಿಂತ ಮೊದಲು ಸಹಿ ಮಾಡಿದಳು, ಎಕ್ಸ್‌ರೇ ಹೋಗುವುದಿಲ್ಲವೆಂದು ಎರಡು ಸಲ ಕೇಳಿಕೊಂಡ ಮೇಲೆ.

ಒಪ್ಪಿಗೆಯ ಕಾಗದಗಳು ಕಾರ್ಯದರ್ಶಿಗಳ ಹತ್ತಿರ ಇವೆ. ಉಳಿದ ಮನೆಯವರು ಮುಂದಿನ ಸಭೆಯ ದಿನ ಓದಿ ನೋಡಬಹುದು; ಕನ್ನಡದಲ್ಲೇ ಬರೆಸಿದ್ದೇವೆ. ನನ್ನದೊಂದು ಬೇಡಿಕೆಯನ್ನು ಹುಡುಗಿ ಒಪ್ಪಿಕೊಂಡಿದ್ದಾಳೆ. ೨೦೧೮ರಲ್ಲಿ ನಾನು ಕಳಿಸಿದ ಆ ಮೆಸೇಜು ಸಿಕ್ಕರೆ, ಅದೊಂದನ್ನು ನನ್ನ ಪಾಲಿನದೆಂದು ಸೇರಿಸಬೇಕು. ನನ್ನ ಹಳೆಯ ಫೋನು ಕೆಟ್ಟುಹೋಗಿದೆ. ಭಾಲ್ಕಿಯ ತಮ್ಮನಿಗೆ ಹೇಳಿದ್ದೇನೆ. ಅವನು ಹುಡುಕುತ್ತಿದ್ದಾನೆ.